ಹಿಮದ ರಸ್ತೆಗೆ ಕಾರಿನ ಚಕ್ರ ಸಜ್ಜುಮಾಡುವುದು: ಟೈರು, ಚೈನು, ಸಾಕ್ಸ್ ಆರಿಸುವ ಬಗೆ

ಹಿಮದ ರಸ್ತೆಗೆ ಹೊರಡುವವರು ಮೊದಲು ಕೇಳುವುದು "ಯಾವ ಚೈನು ಒಳ್ಳೆಯದು?" ಎಂದು. ಹಿಮದಲ್ಲಿ ಹಿಡಿತ ಸಿಗಲೆಂದು ಟೈರಿಗೆ ಸುತ್ತುವ ಲೋಹದ ಸರಪಳಿಯೇ ಚೈನು. ಇದಕ್ಕೆ ಉತ್ತರ ಸಿಗಬೇಕಾದರೆ ಇನ್ನೆರಡು ಸಂಗತಿ ಗೊತ್ತಿರಬೇಕು: ಚಕ್ರದ ಕೆಳಗೆ ಬರುವುದು ಎಂಥ ಹಿಮ, ಚಕ್ರದ ಸುತ್ತ ಇರುವ ಜಾಗ ಎಷ್ಟು. ಯಾವ ಸಾಧನ ಕೆಲಸಕ್ಕೆ ಬರುತ್ತದೆ ಎಂದು ಹೇಳುವುದು ಮೊದಲನೆಯದು. ಅದನ್ನು ನಿಮ್ಮ ಕಾರಿಗೆ ಹಾಕಬಹುದೇ ಇಲ್ಲವೇ ಎಂದು ಹೇಳುವುದು ಎರಡನೆಯದು. ಬೆಲೆ, ಬ್ರ್ಯಾಂಡು, ಪೊಟ್ಟಣದ ಮೇಲಿನ ಚಿತ್ರ ಎಲ್ಲ ಆಮೇಲಿನ ಮಾತು.

ಹಿಡಿತದ ಲೆಕ್ಕ

ಒಣ ಡಾಂಬರಿನ ಮೇಲೆ ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ಗುಣಾಂಕ (ಹಿಡಿತದ ಅಳತೆ) ಸುಮಾರು 0.8. ವಾಹನಗಳು ಓಡಾಡಿ ಅಮುಕಿದ ಹಿಮದ ಮೇಲೆ ಅದು 0.2ರಿಂದ 0.3ಕ್ಕೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ ಸುಮಾರು 0.1, ಗಡ್ಡೆಯ ಮೇಲೆ ನೀರಿನ ಪದರ ಇದ್ದರೆ ಇನ್ನೂ ಕಡಿಮೆ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರಿಗೆ ಬ್ರೇಕ್ ಹಾಕಿದರೆ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 12 ಮೀಟರ್ ಸಾಕು. ಗುಣಾಂಕ 0.25 ಇರುವ ಅಮುಕಿದ ಹಿಮದಲ್ಲಿ 39 ಮೀಟರ್ ಬೇಕು, ಮಂಜುಗಡ್ಡೆಯಲ್ಲಿ 98 ಮೀಟರ್. ಕಾಲು ಬ್ರೇಕಿನ ಮೇಲೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗಿಬಿಡುವ 14 ಮೀಟರ್ ಇದರಲ್ಲಿ ಸೇರಿಲ್ಲ.

ಏರು ರಸ್ತೆಯಲ್ಲಿ ಇದೇ ಲೆಕ್ಕ ಇನ್ನೊಂದು ಮುಖ ತೋರಿಸುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ತೂಕದ ಸುಮಾರು ಶೇ. 60 ಭಾಗ ಮುಂದಿರುತ್ತದೆ. ಗುಣಾಂಕ 0.1 ಇರುವ ಗಡ್ಡೆಯ ಮೇಲೆ ಅಂಥ ಕಾರು ಶೇ. 6ರ ಏರನ್ನು (ನೂರು ಮೀಟರಿಗೆ ಆರು ಮೀಟರ್ ಮೇಲೇರುವ ರಸ್ತೆ) ಕೂಡ ಕಷ್ಟಪಟ್ಟು ಹತ್ತುತ್ತದೆ. ಫೋರ್ ವೀಲ್ ಡ್ರೈವ್ ಕಾರು ಅದೇ ರಸ್ತೆಯಲ್ಲಿ ಹತ್ತಿರಹತ್ತಿರ ಶೇ. 10ರ ಏರನ್ನು ಹತ್ತಿಬಿಡುತ್ತದೆ. ಆದರೆ ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಶೇ. 10ರ ಇಳಿಜಾರಿನಲ್ಲಿ, 0.1 ಗುಣಾಂಕದಲ್ಲಿ, ಯಾವ ಕಾರೂ ಬ್ರೇಕಿನಿಂದ ನಿಲ್ಲುವುದಿಲ್ಲ. ಮುಂದಿನ ಚಕ್ರದ ಕಾರು ಏರಿನಲ್ಲೇ ಸೋತು ಚಾಲಕನಿಗೆ ಎಚ್ಚರಿಕೆ ಕೊಡುತ್ತದೆ. ಫೋರ್ ವೀಲ್ ಡ್ರೈವ್ ಆ ಎಚ್ಚರಿಕೆ ಕೊಡದೆ ಮೇಲಕ್ಕೆ ಕರೆದೊಯ್ದು ಇಳಿಜಾರಿನ ನೆತ್ತಿಯಲ್ಲಿ ಬಿಡುತ್ತದೆ. "ನನ್ನದು ಫೋರ್ ವೀಲ್, ಚೈನು ಯಾಕೆ?" ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಹೊರಡಿಸುವ ಹಿಡಿತಕ್ಕಿಂತ ನಿಲ್ಲಿಸುವ ಹಿಡಿತ ಮುಖ್ಯ, ಸಾಧನವನ್ನು ಆರಿಸುವಾಗಲೂ ಅಳತೆಗೋಲು ಅದೇ.

ಹಿಮ ಎಂದರೆ ಒಂದೇ ವಸ್ತುವಲ್ಲ. ಹೊಸದಾಗಿ ಬಿದ್ದ ಸಡಿಲ ಹಿಮ, ಅಮುಕಿ ಗಟ್ಟಿಯಾದ ಹಿಮ, ಅರ್ಧ ಕರಗಿದ ಕೆಸರಿನಂಥ ಹಿಮ, ಕಣ್ಣಿಗೆ ಕಾಣದ ತೆಳು ಗಡ್ಡೆ: ನಾಲ್ಕಕ್ಕೂ ಒಂದೇ ಔಷಧಿ ಇಲ್ಲ. ಇವುಗಳಲ್ಲಿ ಅತಿ ಕೆಟ್ಟದ್ದು ಸೊನ್ನೆ ಡಿಗ್ರಿಯ ಆಸುಪಾಸಿನ ಗಡ್ಡೆ, ಏಕೆಂದರೆ ಅದರ ಮೇಲೆ ಸದಾ ನೀರಿನ ಪದರವಿರುತ್ತದೆ. ಮೈನಸ್ 20 ಡಿಗ್ರಿಯ ಗಡ್ಡೆ ನೋಡಲು ಭಯಂಕರ, ಆದರೆ ಅದರ ಮೇಲೆ ಹಿಡಿತ ಹೆಚ್ಚು.

ಮೊದಲು ಟೈರು

ಚೈನು, ಸಾಕ್ಸ್ (ಟೈರಿಗೆ ತೊಡಿಸುವ ಬಟ್ಟೆಯ ಚೀಲ) ಇವೆಲ್ಲ ತಾತ್ಕಾಲಿಕ. ಇಡೀ ದಾರಿ ಚಕ್ರದ ಮೇಲಿರುವುದು ಟೈರು. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಬಿಗಿಯಾಗುತ್ತಾ ಹೋಗಿ ರಸ್ತೆಯ ಉಬ್ಬುತಗ್ಗಿಗೆ ಒಗ್ಗುವುದನ್ನು ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುವಂತೆ ಬೆರಕೆ ಮಾಡಿದ್ದು. ಅದರ ಟ್ರೆಡ್ಡಿನ (ನೆಲ ಮುಟ್ಟುವ ಹೊರಮೈಯ) ಗಟ್ಟಿಗಳಲ್ಲಿ ಬ್ಲೇಡಿನಿಂದ ಕೊಯ್ದಂತೆ ಸಣ್ಣ ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಎನ್ನುತ್ತಾರೆ. ಟೈರು ರಸ್ತೆಯನ್ನು ಒತ್ತಿದಾಗ ಸೀಳುಗಳು ಬಾಯಿ ತೆರೆದು ನೂರಾರು ಅಂಚುಗಳಾಗಿ ಹಿಮವನ್ನು ಕಚ್ಚುತ್ತವೆ. ಅಗಲವಾದ ಕಾಲುವೆಗಳೊಳಗೆ ಹಿಮ ತುಂಬಿಕೊಳ್ಳುವುದು ದೋಷವಲ್ಲ, ಅದು ಬೇಕೆಂದೇ ಮಾಡಿದ್ದು. ಕೈಯಲ್ಲಿ ಹಿಮದ ಉಂಡೆ ಕಟ್ಟುವಾಗ ಹಿಮಕ್ಕೆ ಹಿಮ ಅಂಟುವಂತೆ, ಕಾಲುವೆಯಲ್ಲಿ ತುಂಬಿದ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ.

ಟೈರಿನ ಪಕ್ಕದಲ್ಲಿ ಎರಡು ಗುರುತು ನೋಡಿ. "ಎಂ ಪ್ಲಸ್ ಎಸ್" ಎಂಬ ಅಕ್ಷರಗಳು ಕೆಸರಿಗೂ ಹಿಮಕ್ಕೂ ಎಂದು ತಯಾರಕರು ತಾವೇ ಹಾಕಿಕೊಳ್ಳುವ ಮುದ್ರೆ. ಅದರ ಹಿಂದೆ ಹಿಮದ ಪರೀಕ್ಷೆ ಇರಲೇಬೇಕೆಂದಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿದ್ದರೆ ಆ ಟೈರು ಹಿಮದ ಮೇಲೆ ನಿಗದಿತ ಪರೀಕ್ಷೆ ಪಾಸಾಗಿದೆ ಎಂದರ್ಥ. ಕೊಳ್ಳುವುದಾದರೆ ಇದನ್ನೇ. ಆದರೆ ಆ ಪರೀಕ್ಷೆ ನಡೆಯುವುದು ಹಿಮದ ಮೇಲೆ, ಗಡ್ಡೆಯ ಮೇಲಲ್ಲ. ಬೆಟ್ಟದ ಚಿತ್ರವಿರುವ ಎರಡು ಟೈರುಗಳು ಗಡ್ಡೆಯ ಮೇಲೆ ತೀರಾ ಬೇರೆಬೇರೆ ರೀತಿ ನಡೆದುಕೊಳ್ಳಬಹುದು. ಎಲ್ಲ ಋತುವಿನ ಟೈರುಗಳಲ್ಲೂ ಕೆಲವಕ್ಕೆ ಈ ಚಿತ್ರ ಇರುತ್ತದೆ. ಚಳಿಗಾಲದಲ್ಲಿ ನಾಲ್ಕಾರು ದಿನ ಮಾತ್ರ ಹಿಮ ಕಾಣುವ ಊರಿಗೆ ಅಂಥವು ಸಾಕು.

ನಾಲ್ಕೂ ಚಕ್ರಕ್ಕೆ ಒಂದೇ ಜಾತಿಯ ಟೈರು ಹಾಕಬೇಕು. ಎಂಜಿನ್ ತಿರುಗಿಸುವ ಎರಡು ಚಕ್ರಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿ ಹಣ ಉಳಿಸುವುದು ಅಪಾಯದ ಉಳಿತಾಯ. ಮುಂದೆ ಹಿಡಿತ, ಹಿಂದೆ ಜಾರಿಕೆ ಇದ್ದ ಕಾರು ತಿರುವಿನಲ್ಲಿ ಬ್ರೇಕ್ ಹಾಕಿದ ಕ್ಷಣ ಹಿಂಭಾಗ ಮುಂದಕ್ಕೆ ಬರುವಂತೆ ಗಿರಕಿ ಹೊಡೆಯುತ್ತದೆ.

ಹೊಸ ಚಳಿಗಾಲದ ಟೈರಿನ ಟ್ರೆಡ್ ಆಳ ಸಾಮಾನ್ಯವಾಗಿ 8ರಿಂದ 9 ಮಿ.ಮೀ. ಇರುತ್ತದೆ. 4 ಮಿ.ಮೀ.ಗೆ ಇಳಿದರೆ ಹಿಮದ ಮಟ್ಟಿಗೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ, ಕಾನೂನು ಇನ್ನೂ ಓಡಿಸಲು ಬಿಟ್ಟರೂ ಸರಿ. ಹಳೆಯ ದಾಸ್ತಾನು ಮಾರುವವರೂ ಇರುತ್ತಾರೆ. ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 4023 ಎಂದರೆ 2023ರ ನಲವತ್ತನೆಯ ವಾರದಲ್ಲಿ ತಯಾರಾದದ್ದು. ಅಗಲ ಹೆಚ್ಚಿದ್ದರೆ ಹಿಡಿತ ಹೆಚ್ಚು ಎಂಬ ಲೆಕ್ಕವೂ ಆಳದ ಹಿಮದಲ್ಲಿ ತಲೆಕೆಳಗು. ಕಿರಿದಾದ ಟೈರು ಹಿಮವನ್ನು ಸೀಳಿ ಕೆಳಗಿನ ಗಟ್ಟಿ ಪದರ ಮುಟ್ಟುತ್ತದೆ, ಅಗಲದ್ದು ಮೇಲೆ ತೇಲುತ್ತದೆ. ತಯಾರಕರು ಒಪ್ಪಿದ ಅಳತೆಗಳಲ್ಲಿ 17 ಇಂಚಿನ ಬದಲು 16 ಇಂಚಿನ ರಿಮ್ಮಿಗೆ ಅವಕಾಶವಿದ್ದು, ಬ್ರೇಕಿನ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಒತ್ತುವ ಭಾಗ) ಅದರೊಳಗೆ ಹಿಡಿಸುವುದಾದರೆ, ಚಳಿಗಾಲಕ್ಕೆ ಚಿಕ್ಕ ರಿಮ್ಮು, ಕಿರಿದಾದ ಟೈರು ಹಾಕಿಕೊಳ್ಳುವುದು ಜಾಣತನ. ಚೈನಿಗೆ ಜಾಗವೂ ಹೆಚ್ಚಾಗುತ್ತದೆ.

ಗಾಳಿಯ ಒತ್ತಡ ಉಷ್ಣಾಂಶ 10 ಡಿಗ್ರಿ ಇಳಿದಾಗಲೆಲ್ಲ ಹೆಚ್ಚುಕಡಿಮೆ 2 ಪಿಎಸ್‌ಐ ಇಳಿಯುತ್ತದೆ. ಬೆಚ್ಚಗಿನ ಶೆಡ್ಡಿನಲ್ಲಿ ಸರಿಯಾಗಿ ತುಂಬಿಸಿದ ಟೈರು ಬೆಟ್ಟದ ಮೇಲೆ ಮೆತ್ತಗಾಗಿರುತ್ತದೆ. ಒತ್ತಡ ಇಳಿಸಿದರೆ ಹಿಮದಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ಮಾತನ್ನು ಸಾಮಾನ್ಯ ರಸ್ತೆಯ ಕಾರಿಗೆ ಅನ್ವಯಿಸಬೇಡಿ.

ಸ್ಟಡ್ ಹಾಕಿದ ಟೈರು

ಟ್ರೆಡ್ಡಿನಲ್ಲಿ ಹುದುಗಿಸಿದ, ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಮೊಳೆಗಳೇ ಸ್ಟಡ್. ಸೊನ್ನೆಯ ಆಸುಪಾಸಿನ ಒದ್ದೆ ಗಡ್ಡೆಯಲ್ಲಿ ಇದಕ್ಕೆ ಸಾಟಿಯಾದ ಟೈರಿಲ್ಲ. ಸಡಿಲ ಹಿಮದಲ್ಲಿ ಹೆಚ್ಚಿನ ಲಾಭವಿಲ್ಲ. ಬರಿಯ ಡಾಂಬರಿನ ಮೇಲೆ ಶಬ್ದ ಹೆಚ್ಚು, ಹಿಡಿತ ಕಡಿಮೆ, ರಸ್ತೆಗೂ ಹಾನಿ. ಅದೇ ಕಾರಣಕ್ಕೆ ಹಲವು ದೇಶಗಳಲ್ಲಿ ನಿಷೇಧವೋ, ತಿಂಗಳುಗಳ ಮಿತಿಯೋ ಇದೆ. ಜಪಾನಿನಲ್ಲಿ ಸ್ಟಡ್ ಕೆರೆದ ರಸ್ತೆಯ ಧೂಳು ಊರೂರುಗಳ ಗಾಳಿಯನ್ನೇ ಕೆಡಿಸಿದ್ದರಿಂದ 1990ರಲ್ಲಿ ಅದರ ಬಳಕೆಯ ವಿರುದ್ಧ ಕಾಯಿದೆಯೇ ಬಂತು. ಸ್ಟಡ್ ಇಲ್ಲದೆ ಗಡ್ಡೆ ಹಿಡಿಯುವ ಮೆತ್ತನೆ ರಬ್ಬರಿನ ಟೈರುಗಳು ಅಲ್ಲಿ ಬೇರೂರಿದ್ದು ಹಾಗೆ. ಮೊಳೆಯನ್ನು ಹೊಸ ಟೈರಿಗೇ ಹಾಕಿಸಬೇಕು. ಓಡಿದ ಟೈರಿನ ತೂತಿನಲ್ಲಿ ಮಣ್ಣು, ಕಲ್ಲು ಸೇರಿರುವುದರಿಂದ ಮೊಳೆ ನಿಲ್ಲುವುದಿಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಜೋರಾದ ಬ್ರೇಕು, ಜೋರಾದ ಎಳೆತ ಇಲ್ಲದೆ ಓಡಿಸಿದರೆ ಮೊಳೆಗಳು ತಮ್ಮ ಗುಳಿಯಲ್ಲಿ ಗಟ್ಟಿಯಾಗಿ ಕೂರುತ್ತವೆ.

ಚೈನು: ಜಾಗ ಅಳೆಯದೆ ಕೊಳ್ಳಬೇಡಿ

ಚೈನು ಕೊಳ್ಳುವ ಮೊದಲು ಕಾರಿನ ಮಾಲೀಕರ ಕೈಪಿಡಿ ತೆರೆಯಿರಿ. ಅಲ್ಲಿ ಮೂರು ವಿಷಯ ಸಿಗಬೇಕು: ಚೈನಿಗೆ ಅನುಮತಿ ಇದೆಯೇ, ಯಾವ ಟೈರಿನ ಅಳತೆಗೆ ಇದೆ, ಯಾವ ಅಚ್ಚಿಗೆ ಹಾಕಬೇಕು. ಒಂದೇ ಮಾದರಿಯ ಕಾರಿನಲ್ಲಿ 205 ಅಗಲದ ಟೈರಿಗೆ ಅನುಮತಿ ಇದ್ದು 225ಕ್ಕೆ ಇಲ್ಲದಿರುವುದು ಸಾಮಾನ್ಯ. ದೊಡ್ಡ ರಿಮ್ಮಿನ, ದುಬಾರಿ ಮಾದರಿ ಕೊಂಡವರಿಗೇ ಇಲ್ಲಿ ನಿರಾಶೆ ಹೆಚ್ಚು.

ಕೈಪಿಡಿ ಏನೇ ಹೇಳಲಿ, ಒಂದು ಸಲ ಕೈಯಿಂದ ಅಳೆಯಿರಿ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟೈರಿನ ಒಳಪಕ್ಕಕ್ಕೂ ಅದಕ್ಕೆ ಅತಿ ಹತ್ತಿರವಿರುವ ಭಾಗಕ್ಕೂ (ಹೆಚ್ಚಿನ ಕಾರುಗಳಲ್ಲಿ ಸಸ್ಪೆನ್ಷನ್ ಸ್ಟ್ರಟ್ಟು ಅಥವಾ ಸ್ಪ್ರಿಂಗಿನ ತಟ್ಟೆ) ನಡುವಿನ ಅಂತರ ನೋಡಿ. ಇನ್ನೊಂದು ಕಡೆಗೂ ತಿರುಗಿಸಿ ನೋಡಿ. ಟ್ರೆಡ್ಡಿನ ಮೇಲ್ಭಾಗಕ್ಕೂ ಮಡ್‌ಗಾರ್ಡಿನ ಒಳಮೈಗೂ ಇರುವ ಅಂತರವನ್ನು ಕಾರಿನಲ್ಲಿ ಜನ, ಸಾಮಾನು ತುಂಬಿದಾಗ ಅಳೆಯಬೇಕು. ಖಾಲಿ ಕಾರಿನ ಅಳತೆ ಸುಳ್ಳು ಹೇಳುತ್ತದೆ. ಬ್ರೇಕಿನ ಹೋಸು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ನಿಂತುಹೋಗದಂತೆ ತಡೆಯುವ ವ್ಯವಸ್ಥೆ) ಸಂವೇದಕದ ತಂತಿ ಎಲ್ಲಿ ಹಾದುಹೋಗಿವೆ ಎಂಬುದನ್ನೂ ಗಮನಿಸಿ. ಚೈನಿನ ಸಡಿಲವಾದ ಕಡಿ (ಉಂಗುರ) ಮೊದಲು ಕತ್ತರಿಸುವುದು ಅವನ್ನೇ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ವರ್ಗೀಕರಣದಲ್ಲಿ ಜಾಗ ಕಡಿಮೆ ಇರುವ ಕಾರುಗಳದ್ದು 'ಎಸ್' ವರ್ಗ. ಅದಕ್ಕೆ ಟ್ರೆಡ್ಡಿನ ಮೇಲೆ ಕನಿಷ್ಠ 37 ಮಿ.ಮೀ., ಪಕ್ಕದಲ್ಲಿ 15 ಮಿ.ಮೀ. ಜಾಗ ಬೇಕು. 'ಯು' ವರ್ಗಕ್ಕೆ ಟ್ರೆಡ್ಡಿನ ಮೇಲೆ ಸುಮಾರು 50 ಮಿ.ಮೀ., 'ಡಬ್ಲ್ಯೂ' ವರ್ಗಕ್ಕೆ 63 ಮಿ.ಮೀ. ದಾಟಬೇಕು. ಯೂರೋಪಿನ ಪೊಟ್ಟಣಗಳ ಮೇಲೆ ಇದರ ಬದಲು 7 ಮಿ.ಮೀ., 9 ಮಿ.ಮೀ., 12 ಮಿ.ಮೀ., 16 ಮಿ.ಮೀ. ಎಂದಿರುತ್ತದೆ. ಅದು ಚೈನಿನ ದಪ್ಪ. ತಿರುಗುವಾಗ ಚೈನು ಹೊರಕ್ಕೆ ಎಳೆಯಲ್ಪಡುತ್ತದೆ, ಒಳಗೆ ಕೊಂಡಿಯೂ ಇರುತ್ತದೆ. ಆದ್ದರಿಂದ 9 ಮಿ.ಮೀ. ಚೈನಿಗೆ 9 ಮಿ.ಮೀ. ಜಾಗ ಸಾಕು ಎಂದುಕೊಳ್ಳಬಾರದು. ಸಾಮಾನ್ಯ ಕಾರಿಗೆ 9, ಜಾಗ ಬಿಗಿಯಿದ್ದರೆ 7, ಭಾರದ ಎಸ್‌ಯುವಿ, ವ್ಯಾನುಗಳಿಗೆ 12ರಿಂದ 16. ಯೂರೋಪಿನ ಇಎನ್ 16662-1 ಅಥವಾ ಆಸ್ಟ್ರಿಯದ ಓನಾರ್ಮ್ ವಿ 5117 ಮಾನದಂಡದ ಗುರುತಿದ್ದರೆ ಕಡಿಗಳ ಗಟ್ಟಿತನ, ಹಿಡಿತ ಪರೀಕ್ಷೆಗೆ ಒಳಪಟ್ಟಿದೆ ಎಂಬ ಭರವಸೆ.

ಅಳತೆಗೆ ಟೈರಿನ ಪಕ್ಕದ ಬರಹ ಓದಿ. 205/55 ಆರ್ 16 ಎಂದರೆ ಅಗಲ 205 ಮಿ.ಮೀ., ಪಕ್ಕದ ಎತ್ತರ ಅದರ ಶೇ. 55, ರಿಮ್ಮು 16 ಇಂಚು. ಮೂರೂ ಸಂಖ್ಯೆ ಪೊಟ್ಟಣದ ಪಟ್ಟಿಯಲ್ಲಿ ಒಟ್ಟಿಗೆ ಇರಬೇಕು. ರಿಮ್ಮು 16 ಎಂಬುದೊಂದೇ ಹೊಂದಿತೆಂದು ತಂದ ಚೈನು ಒಂದೋ ಕೊಂಡಿಗೆ ಎಟುಕುವುದಿಲ್ಲ, ಇಲ್ಲವೇ ಜೋಲುತ್ತದೆ. ಜೋಲುವುದೇ ಹೆಚ್ಚು ಅಪಾಯ.

ಇನ್ನು ವಿನ್ಯಾಸ. ಟ್ರೆಡ್ಡಿಗೆ ಅಡ್ಡಡ್ಡ ಕೂರುವ ಏಣಿ ಮಾದರಿ ಅಗ್ಗ. ನೇರ ಎಳೆತಕ್ಕೆ ಒಳ್ಳೆಯದು, ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಎರಡು ಕಡಿಸಾಲಿನ ನಡುವೆ ಬರೀ ರಬ್ಬರು ನೆಲ ಮುಟ್ಟುವ ಗಳಿಗೆಯೂ ಬರುತ್ತದೆ, ಕುಲುಕಾಟವೂ ಹೆಚ್ಚು. ವಜ್ರಾಕೃತಿಯ ಜಾಲ ಯಾವಾಗಲೂ ನೆಲದ ಮೇಲೆ ಲೋಹ ಇರುವಂತೆ ನೋಡಿಕೊಳ್ಳುತ್ತದೆ, ತಿರುವಿನಲ್ಲೂ ಹಿಡಿಯುತ್ತದೆ. ಕಾರಿಗೆ ಕೊಳ್ಳುವುದಾದರೆ ವಜ್ರಾಕೃತಿಯೇ ನಮ್ಮ ಆಯ್ಕೆ. ಕಡಿಗಳ ಬದಲು ಉಕ್ಕಿನ ಹಗ್ಗಕ್ಕೆ ಉರುಳೆಗಳನ್ನು ಪೋಣಿಸಿದ ಕೇಬಲ್ ಮಾದರಿ ತೆಳ್ಳಗಿದ್ದು ಕಡಿಮೆ ಜಾಗದ ಕಾರಿಗೆ ಹಿಡಿಸುತ್ತದೆ. ಕಡಿದಾದ ಏರಿನಲ್ಲಿ, ಗಡ್ಡೆಯ ಮೇಲೆ ಅದು ಚೈನಿನಷ್ಟು ಕಚ್ಚುವುದಿಲ್ಲ. ಒಳಗಡೆ ಚೂರೂ ಜಾಗವಿಲ್ಲದ ಕಾರಿಗೆ ಹೊರಗಿನಿಂದಲೇ, ಚಕ್ರದ ನಟ್ಟಿಗೆ ಆಧಾರ ಹಿಡಿದು ಟ್ರೆಡ್ಡಿನ ಮೇಲೆ ಕೈ ಚಾಚುವ ಮಾದರಿಗಳಿವೆ. ದುಬಾರಿ, ಆದರೆ ಹಾಕುವುದು ಸುಲಭ. ನಟ್ಟಿನ ಅಳತೆ (17, 19, 21 ಮಿ.ಮೀ.) ಮೊದಲೇ ನೋಡಿ ಅದಕ್ಕೆ ತಕ್ಕ ಅಡಾಪ್ಟರ್ ತರಿಸಬೇಕು.

ಯಾವ ಚಕ್ರಕ್ಕೆ? ಎಂಜಿನ್ ತಿರುಗಿಸುವ ಚಕ್ರಕ್ಕೆ. ಫ್ರಂಟ್ ವೀಲ್ ಡ್ರೈವಿನಲ್ಲಿ ಮುಂದೆ, ರಿಯರ್ ವೀಲ್ ಡ್ರೈವಿನಲ್ಲಿ ಹಿಂದೆ. ಫೋರ್ ವೀಲ್ ಡ್ರೈವು, ವಿದ್ಯುತ್ ಕಾರುಗಳಲ್ಲಿ ಊಹಿಸಬಾರದು. ಕೆಲವಕ್ಕೆ ಮುಂದೆ ಮಾತ್ರ ಜಾಗ, ಕೆಲವಕ್ಕೆ ಹಿಂದೆ ಮಾತ್ರ, ಕೈಪಿಡಿಯೇ ಪ್ರಮಾಣ. ಎರಡೇ ಚಕ್ರಕ್ಕೆ ಹಾಕಿದಾಗ ಕಾರಿನ ಸ್ವಭಾವ ಬದಲಾಗುತ್ತದೆ ಎಂಬುದು ನೆನಪಿರಲಿ. ಮುಂದೆ ಚೈನಿದ್ದರೆ ಇಳಿಜಾರಿನಲ್ಲಿ ಹಿಂಭಾಗ ಪಕ್ಕಕ್ಕೆ ಸರಿಯಲು ನೋಡುತ್ತದೆ. ಹಿಂದೆ ಚೈನಿದ್ದರೆ ಏರು ಹತ್ತುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ನಾಲ್ಕಕ್ಕೂ ಹಾಕಲು ಕೈಪಿಡಿ ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿಗೆ ಚೈನು ಹಾಕಬಾರದು. ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನ ಪೂರ್ಣ ಚಕ್ರವನ್ನು ಮುಂದಕ್ಕೆ ತಂದು ಚೈನು ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ.

ಬಟ್ಟೆಯ ಸಾಕ್ಸ್

ಟೈರಿಗೆ ತೊಡಿಸುವ ನೇಯ್ದ ಬಟ್ಟೆಯ ಚೀಲ ಇದು. ಒರಟು ನಾರು ಗಡ್ಡೆಯ ಮೇಲಿನ ನೀರಿನ ಪದರವನ್ನು ಹೀರಿಕೊಂಡು ಹಿಮಕ್ಕೆ ಅಂಟಿಕೊಳ್ಳುತ್ತದೆ. ಹಗುರ, ಮಡಚಿದರೆ ಅಂಗೈಯಗಲ, ಲೋಹದ ಚೈನಿಗೆ ಜಾಗವಿಲ್ಲದ ಹೆಚ್ಚಿನ ಕಾರುಗಳಿಗೂ ಹಿಡಿಸುತ್ತದೆ. ಅಮುಕಿದ ಹಿಮದ ಮೇಲೆ ಹೊರಡಲು, ಏರು ಹತ್ತಲು ಚೆನ್ನಾಗಿ ಕೆಲಸ ಮಾಡುತ್ತದೆ. ಆಳದ ಹಿಮ, ಕೆಸರು ಹಿಮ, ಒರಟು ಗಡ್ಡೆ ಇದರ ಕ್ಷೇತ್ರವಲ್ಲ. ಇದರ ಶತ್ರು ಬರಿಯ ಡಾಂಬರು: ಹಿಮ ಬಿಟ್ಟುಬಿಟ್ಟು ಇರುವ ರಸ್ತೆಯಲ್ಲಿ ಕೆಲವೇ ಕಿಲೋಮೀಟರಿನಲ್ಲಿ ತೂತು ಬೀಳುತ್ತದೆ, ಚಕ್ರ ಸುತ್ತುತ್ತಾ ನಿಂತರೆ ಅದಕ್ಕೂ ಬೇಗ. ಒದ್ದೆಯಾದದ್ದನ್ನು ಹಾಗೇ ಡಿಕ್ಕಿಯಲ್ಲಿ ಎಸೆದರೆ ಬೆಳಗ್ಗೆ ಕಟ್ಟಿಗೆಯಂತೆ ಸೆಟೆದಿರುತ್ತದೆ, ಒಣಗಿಸಿಯೇ ಇಡಿ.

ಹಾಕುವುದು ಎರಡು ನಿಮಿಷದ ಕೆಲಸ. ಟೈರಿನ ಮೇಲರ್ಧಕ್ಕೆ ತೊಡಿಸಿ, ಅರ್ಧ ಸುತ್ತು ಕಾರನ್ನು ಮುಂದಕ್ಕೆ ಸರಿಸಿ, ಉಳಿದರ್ಧ ತೊಡಿಸಿ. ಓರೆಯಾಗಿದ್ದರೂ ಓಡುತ್ತಾ ತಾನೇ ನಡುವಿಗೆ ಬರುತ್ತದೆ. ವರ್ಷದಲ್ಲಿ ಒಂದೆರಡು ಸಲ ಹಿಮ ಕಾಣುವವರಿಗೆ, ಬಾಡಿಗೆ ಕಾರಿನವರಿಗೆ ಇದು ಸರಿಯಾದ ಆಯ್ಕೆ. ಬಾಡಿಗೆ ಕರಾರಿನಲ್ಲಿ ಚೈನು ಹಾಕಬಾರದೆಂಬ ಷರತ್ತು ಇರುವುದುಂಟು. ಸಹಿ ಮಾಡುವ ಮೊದಲು ಓದಿ, ಚಳಿಗಾಲದ ಟೈರಿರುವ ಕಾರನ್ನೇ ಕೇಳಿ.

ಟೈರಿಗೂ ರಿಮ್ಮಿಗೂ ಸುತ್ತಿ ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳು ಅಂತರ್ಜಾಲದ ಅಂಗಡಿಗಳಲ್ಲಿ ಗುಡ್ಡೆಬಿದ್ದಿವೆ. ಕೊಳ್ಳಬೇಡಿ. ಬಿಗಿಯುವ ಗಂಟು ಒಳಗಡೆ ಕ್ಯಾಲಿಪರಿಗೆ ತಗಲುತ್ತದೆ, ಚಳಿಗೆ ಪ್ಲಾಸ್ಟಿಕ್ ಪಟಪಟ ತುಂಡಾಗುತ್ತದೆ, ತುಂಡಾದದ್ದು ಬ್ರೇಕಿನ ಹೋಸಿಗೆ ಸುತ್ತಿಕೊಂಡರೆ ಸಂಕಟ. ಹೂತ ಕಾರನ್ನು ಒಂದೆರಡು ಮೀಟರ್ ಎಳೆದುಕೊಳ್ಳಲು ಬಂದೀತು, ರಸ್ತೆಯಲ್ಲಿ ಓಡಲು ಅಲ್ಲ. ಟೈರಿಗೆ ಹೊಡೆಯುವ ಅಂಟಿನ ಸ್ಪ್ರೇ ಕೂಡ ಅಷ್ಟೇ. ಆ ಹಣಕ್ಕೆ ನೀರು ಇಳಿಯದ ಒಂದು ಜೊತೆ ಕೈಗವಸು ಬರುತ್ತದೆ.

ನಿಯಮಗಳ ಮಾತು

ದಾರಿಯಲ್ಲಿನ ನಿಯಮ ನಿಮ್ಮ ಆಯ್ಕೆಯನ್ನು ಬದಲಿಸಬಹುದು. ಫ್ರಾನ್ಸಿನ ಗುರುತಿಸಿದ ಬೆಟ್ಟಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ನಾಲ್ಕು ಚಳಿಗಾಲದ ಟೈರು ಇರಬೇಕು, ಇಲ್ಲವೇ ಎರಡು ಚಕ್ರಕ್ಕಾಗುವ ಚೈನು ಅಥವಾ ಸಾಕ್ಸ್ ಕಾರಿನಲ್ಲಿರಬೇಕು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಗುರುತು ಚಳಿಗಾಲದ ಟೈರೆಂದು ಲೆಕ್ಕಕ್ಕಿಲ್ಲ, ಬೆಟ್ಟದ ಚಿತ್ರವೇ ಬೇಕು. ಕ್ಯಾಲಿಫೋರ್ನಿಯದಲ್ಲಿ ಆರ್ 2 ಎಂಬ ಹಂತ ಘೋಷಣೆಯಾದರೆ ನಾಲ್ಕಕ್ಕೂ ಹಿಮದ ಟೈರಿರುವ ಫೋರ್ ವೀಲ್ ಡ್ರೈವ್ ಬಿಟ್ಟು ಉಳಿದವರೆಲ್ಲ ಚೈನು ಹಾಕಬೇಕು. ವಿನಾಯಿತಿ ಪಡೆದವರೂ ಚೈನನ್ನು ಜೊತೆಗಿಟ್ಟುಕೊಂಡಿರಬೇಕು. ಆರ್ 3ರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ನೀಲಿ ವೃತ್ತದೊಳಗೆ ಚೈನು ಸುತ್ತಿದ ಚಕ್ರದ ಚಿತ್ರ ಕಂಡರೆ ಅಲ್ಲಿಂದ ಮುಂದಕ್ಕೆ ಚೈನು ಕಡ್ಡಾಯ. ಸಾಕ್ಸ್ ಅನ್ನು ಚೈನಿಗೆ ಸಮ ಎಂದು ಒಪ್ಪುವುದು ಎಲ್ಲ ಕಡೆ ಇಲ್ಲ. ಹೋಗುವ ದೇಶದ ನಿಯಮ ನೋಡಿಕೊಂಡೇ ಕೊಳ್ಳಿ.

ಚೈನು ಹಾಕುವುದು

ಮೊದಲ ಸಲ ಹಾಕುವುದು ಹಿಮದಲ್ಲಿ ಆಗಬಾರದು. ಹಗಲಲ್ಲಿ, ಒಣ ನೆಲದ ಮೇಲೆ, ಮನೆಯೆದುರೇ ಒಮ್ಮೆ ಹಾಕಿ ತೆಗೆಯಿರಿ. ಅಳತೆ ತಪ್ಪಿದ್ದರೆ ಬದಲಾಯಿಸಲು ಅಲ್ಲೇ ಅವಕಾಶ. ಚೈನಿನ ಚೀಲದ ಜೊತೆ ರಬ್ಬರಿನ ಕೈಗವಸು, ಮಂಡಿಯೂರಲು ಚಾಪೆ, ತಲೆಗೆ ಕಟ್ಟುವ ಟಾರ್ಚು, ಹೊಳೆಯುವ ಜಾಕೆಟ್ಟು ಇರಲಿ.

ಏರು ಶುರುವಾಗುವ ಮೊದಲೇ, ಸಮತಟ್ಟಾದ ಜಾಗದಲ್ಲಿ, ವಾಹನಗಳ ಹಾದಿಯಿಂದ ಪಕ್ಕಕ್ಕೆ ನಿಲ್ಲಿಸಿ. ಅರ್ಧ ಏರಿನಲ್ಲಿ ಜಾರಿ ನಿಂತ ಮೇಲೆ ಹಾಕುವುದೆಂದರೆ ಕಾರು ಹಿಂದಕ್ಕೆ ಸರಿಯುವ ಜಾಗದಲ್ಲಿ ಕೈ ತೂರಿಸುವುದು. ಹ್ಯಾಂಡ್ ಬ್ರೇಕು, ಎಚ್ಚರಿಕೆಯ ದೀಪ ಹಾಕಿ. ಮುಂದಿನ ಚಕ್ರಕ್ಕಾದರೆ ಸ್ಟೀರಿಂಗನ್ನು ಅನುಕೂಲದ ಕಡೆಗೆ ತಿರುಗಿಸಿಕೊಳ್ಳಿ.

ಚೈನನ್ನು ನೆಲದ ಮೇಲೆ ಹಾಸಿ ತಿರುಚು ಬಿಡಿಸಿ. ಒಂದೇ ಒಂದು ಕಡಿ ತಿರುಚಿದ್ದರೂ ಕೊನೆಗೆ ಕೊಂಡಿ ಎಟುಕುವುದಿಲ್ಲ. "ಅಳತೆ ಸಣ್ಣದು" ಎಂದು ಬೈಯುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ಒಳಗಿನ ಬಳೆ ಅಥವಾ ಕೇಬಲ್ಲನ್ನು ಚಕ್ರದ ಹಿಂದಿನಿಂದ ನೆಲದ ಮೇಲೆ ತೂರಿಸಿ, ಎರಡೂ ತುದಿ ಮೇಲೆ ತಂದು ಜೋಡಿಸಿ, ಟೈರಿನ ಹಿಂದಕ್ಕೆ ತಳ್ಳಿ. ಅದು ಸುತ್ತಲೂ ಒಂದೇ ಮಟ್ಟದಲ್ಲಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಆಮೇಲೆ ಟ್ರೆಡ್ಡಿನ ಮೇಲೆ ಜಾಲವನ್ನು ಹರಡಿ ಹೊರಗಿನ ಕೊಂಡಿ ಸಿಕ್ಕಿಸಿ, ಬಿಗಿಯುವ ಸರಪಳಿಯನ್ನು ಹಲ್ಲಿನ ಬೀಗದೊಳಗಿಂದ ಎಳೆದು, ಉಳಿದ ತುದಿಯನ್ನು ಜೋಲದಂತೆ ಕೊಕ್ಕೆಗೆ ಹಾಕಿ. ಕೊಂಡಿಗಳ ಬಾಯಿ ಹೊರಮುಖವಾಗಿರಬೇಕು, ಟೈರಿನ ಪಕ್ಕಕ್ಕೆ ಚುಚ್ಚಬಾರದು.

ಐವತ್ತು, ನೂರು ಮೀಟರ್ ನಿಧಾನ ಓಡಿಸಿ ನಿಲ್ಲಿಸಿ ಮತ್ತೆ ಬಿಗಿಯಿರಿ. ತಾನೇ ಬಿಗಿದುಕೊಳ್ಳುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಇಳಿದು ನೋಡಿ. ಅಲ್ಲಿಂದ ಮುಂದೆ ಗಂಟೆಗೆ 50 ಕಿ.ಮೀ. ಮಿತಿ, ತಯಾರಕರು ಕಡಿಮೆ ಹೇಳಿದ್ದರೆ ಅದೇ ಮಿತಿ. ಚೈನನ್ನು ಹೊರಕ್ಕೆ ಎಸೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 50ರ ಬದಲು 80ರಲ್ಲಿ ಓಡಿಸಿದರೆ ಆ ಬಲ ಎರಡೂವರೆ ಪಟ್ಟು. ಚೈನು ಟೈರಿನಿಂದ ಎದ್ದು ಮಡ್‌ಗಾರ್ಡಿಗೆ ಬಡಿಯುವುದು ಆಗಲೇ. ಟಪಟಪ ಬಡಿಯುವ ಸದ್ದು ಕೇಳಿದರೆ ರೇಡಿಯೋ ಜೋರು ಮಾಡದೆ ನಿಲ್ಲಿಸಿ ನೋಡಿ.

ಟ್ರಾಕ್ಷನ್ ಕಂಟ್ರೋಲ್ ಚಕ್ರ ಜಾರಿದ ಕೂಡಲೇ ಎಂಜಿನ್ನಿನ ಬಲ ಕತ್ತರಿಸುತ್ತದೆ. ಆಳದ ಹಿಮದಲ್ಲಿ ಹೊರಡುವಾಗ ಸ್ವಲ್ಪ ಜಾರಿಕೆ ಬೇಕಾಗುವುದರಿಂದ ಆಗಷ್ಟೇ ಅದನ್ನು ಆಫ್ ಮಾಡಿ, ಓಡತೊಡಗಿದ ಮೇಲೆ ಮತ್ತೆ ಹಾಕಿ. ಎಬಿಎಸ್ ಸಡಿಲ ಹಿಮದಲ್ಲಿ ನಿಲ್ಲುವ ದೂರವನ್ನು ಹೆಚ್ಚಿಸಬಹುದು, ಏಕೆಂದರೆ ಪೂರ್ತಿ ನಿಂತ ಚಕ್ರ ತನ್ನ ಮುಂದೆ ಹಿಮದ ದಿಣ್ಣೆ ಕಟ್ಟಿಕೊಳ್ಳುತ್ತದೆ, ಉರುಳುವ ಚಕ್ರ ಕಟ್ಟಿಕೊಳ್ಳುವುದಿಲ್ಲ. ಆದರೂ ಅದನ್ನು ಕೆಡಿಸಲು ಹೋಗಬೇಡಿ, ಸ್ಟೀರಿಂಗ್ ಮಾತು ಕೇಳುವುದು ಅದರಿಂದಲೇ. ದೂರ ಹೆಚ್ಚು ಬಿಟ್ಟು ಓಡಿಸಿ.

ಹೂತುಹೋದರೆ

ಚಕ್ರವನ್ನು ಸುತ್ತಿಸುತ್ತಲೇ ಇದ್ದರೆ ಬಿಸಿಗೆ ಹಿಮ ಕರಗಿ, ಮರುಕ್ಷಣ ಗಡ್ಡೆಯಾಗಿ, ಚಕ್ರ ತನ್ನ ಗುಂಡಿಯನ್ನು ತಾನೇ ನಯ ಮಾಡಿಕೊಳ್ಳುತ್ತದೆ. ಮೊದಲು ಸಲಿಕೆ. ಚಕ್ರದ ಮುಂದಿನ, ಹಿಂದಿನ ಹಿಮ ಮಾತ್ರ ತೆಗೆದರೆ ಸಾಲದು. ಕಾರಿನ ಹೊಟ್ಟೆ ಹಿಮದ ಮೇಲೆ ಕೂತಿದ್ದರೆ ಚಕ್ರದ ಮೇಲೆ ಭಾರವೇ ಇರುವುದಿಲ್ಲ, ಅಲ್ಲಿಯದನ್ನೂ ತೆಗೆಯಬೇಕು. ಸೈಲೆನ್ಸರ್ ಕೊಳವೆಯ ಬಾಯಿ ಹಿಮದಿಂದ ಮುಚ್ಚಿದ್ದರೆ ಎಂಜಿನ್ ಚಾಲೂ ಮಾಡುವ ಮುಂಚೆ ಬಿಡಿಸಿ. ಮುಚ್ಚಿದ ಕೊಳವೆಯ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಬಂದರೆ ವಾಸನೆಯೂ ಇಲ್ಲದೆ ಕೊಲ್ಲುತ್ತದೆ.

ಆಮೇಲೆ ಹಲ್ಲುಗಳಿರುವ ಪ್ಲಾಸ್ಟಿಕ್ ಹಲಗೆಯನ್ನು ಎಂಜಿನ್ ತಿರುಗಿಸುವ ಚಕ್ರದ ಕೆಳಗೆ ಆದಷ್ಟು ಒಳಕ್ಕೆ ತೂರಿಸಿ, ಎರಡನೆಯ ಗಿಯರಿನಲ್ಲಿ ಮೆಲ್ಲಗೆ ಹೊರಡಿ. ಹಲಗೆ ಬಾಣದಂತೆ ಹಿಂದಕ್ಕೆ ಚಿಮ್ಮಬಹುದು. ಚಕ್ರದ ನೇರಕ್ಕೆ ಯಾರೂ ನಿಂತಿರಬಾರದು. ಹಲಗೆ ಇಲ್ಲದಿದ್ದರೆ ಒರಟು ಮರಳು. ಉಪ್ಪು ಕರಗಿಸಲು ಹೊತ್ತು ಹಿಡಿಯುತ್ತದೆ, ಮೈನಸ್ 10ರ ಕೆಳಗೆ ಅಡುಗೆ ಉಪ್ಪಿನ ಕೆಲಸ ಬಹಳ ಮಂದ. ಮುಂದಕ್ಕೆ ಹಿಂದಕ್ಕೆ ತೂಗಿ ಹೊರಬರುವ ಉಪಾಯವನ್ನು ಆಟೊಮ್ಯಾಟಿಕ್ ಗಿಯರಿನ ಕಾರಿನಲ್ಲಿ ಹೆಚ್ಚು ಹೊತ್ತು ಮಾಡಿದರೆ ಗಿಯರ್ ಪೆಟ್ಟಿಗೆಯ ಎಣ್ಣೆ ಕಾಯುತ್ತದೆ. ನಾಲ್ಕೈದು ಸಲದಲ್ಲಿ ಬಾರದಿದ್ದರೆ ಮತ್ತೆ ಸಲಿಕೆ ಹಿಡಿಯಿರಿ.

ತೆಗೆಯುವುದು, ಇಡುವುದು

ಡಾಂಬರು ಸತತವಾಗಿ ಕಾಣತೊಡಗಿದ ಮೇಲೆ ಮೊದಲು ಸಿಗುವ ಸುರಕ್ಷಿತ ಜಾಗದಲ್ಲಿ ಚೈನು ತೆಗೆಯಿರಿ. ಬರಿಯ ರಸ್ತೆಯ ಮೇಲೆ ಕಡಿ ಬೇಗ ಸವೆಯುತ್ತದೆ, ಹಿಡಿತವೂ ರಬ್ಬರಿಗಿಂತ ಕಡಿಮೆ. ತೆಗೆದ ಚೈನಿನ ಮೇಲೆ ರಸ್ತೆಗೆ ಹಾಕಿದ ಉಪ್ಪಿರುತ್ತದೆ. ಮನೆಗೆ ಬಂದ ದಿನವೇ ಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ತಿರುಚಿಲ್ಲದಂತೆ ಮಡಚಿ ಚೀಲಕ್ಕೆ ಹಾಕಿ. ಹಾಕುವ ಮುಂಚೆ ಕಡಿಗಳನ್ನು ಒಂದೊಂದಾಗಿ ನೋಡಿ: ನೆಲ ಮುಟ್ಟುವ ಮುಖ ತೆಳುವಾಗಿದ್ದರೆ, ಸವೆತದ ಗುರುತು ಅಳಿಸಿದ್ದರೆ, ಬಾಯಿಬಿಟ್ಟ ಕೊಂಡಿಯಿದ್ದರೆ ಅದನ್ನು ಬದಲಾಯಿಸಿ. ಕಾರು ಮಾರಿದರೆ ಅಥವಾ ಟೈರಿನ ಅಳತೆ ಬದಲಿಸಿದರೆ ಹಳೆಯ ಚೈನನ್ನು ಹೊಸ ಚಕ್ರಕ್ಕೆ ಒಗ್ಗಿಸಲು ಹೋಗಬೇಡಿ. ಕಡಿ ಕತ್ತರಿಸಿ ಗಿಡ್ಡ ಮಾಡಿದ ಚೈನು ಎಷ್ಟೇ ಬಿಗಿದರೂ ಸಮನಾಗಿ ಕೂರುವುದಿಲ್ಲ.